ಹಾಲು ಒಡೆಯದ ಹೆಂಗಸು

ನಮ್ಮ ಊರಿನಲ್ಲಿ ಹಾಲು ಕಾಯಿಸುವ ಕೆಲಸ ಗಂಡಸರದು. ಬೇರೆ ಊರುಗಳಲ್ಲಿ ಹೇಗೋ ನನಗೆ ಗೊತ್ತಿಲ್ಲ. ಒಂಬತ್ತು ವರ್ಷದಿಂದ ನಾನು ಊರು ಬಿಟ್ಟು ಹೋಗಿಲ್ಲ, ಯಾರೂ ಹೋಗಿಲ್ಲ. ಊರಿನ ಪಡುವಣಕ್ಕೆ, ಹಳೆಯ ಸುಣ್ಣದ ಗೂಡಿನ ಹತ್ತಿರ, ರಸ್ತೆಗೆ ಅಡ್ಡಲಾಗಿ ಒಂದು ಬಿಳಿ ಗೆರೆ ಎಳೆದಿದ್ದಾರೆ. ಹೆಂಗಸರು ಅದನ್ನು ದಾಟುವಂತಿಲ್ಲ. ಗೆರೆಯ ಆಚೆ ದನದ ಕೊಟ್ಟಿಗೆಗಳಿವೆ, ಗಂಡಸರ ಟೀ ಅಂಗಡಿ ಇದೆ. ಬೆಳಿಗ್ಗೆ ಆರರಿಂದ ಹತ್ತರವರೆಗೆ ಊರಿನ ಗಂಡಸರೆಲ್ಲ ಅಲ್ಲಿ ಕೂತು, ಕೆನೆ ಕಟ್ಟಿದ ಟೀ ಕುಡಿದು, ಮೀಸೆ ಒರೆಸಿಕೊಂಡು, ಊರಿನ ಪರಿಸ್ಥಿತಿಯ ಬಗ್ಗೆ ಚಿಂತೆ ಮಾಡಿ ಮನೆಗೆ ಬರುತ್ತಾರೆ. ಮನೆಯಲ್ಲಿ ಹೆಂಗಸರು ಕಪ್ಪು ಟೀ ಕುಡಿಯುತ್ತಾರೆ.

ಕೋಪವಿರುವ ಹೆಂಗಸು ಹತ್ತು ಹೆಜ್ಜೆಯ ಒಳಗಿದ್ದರೆ ಹಾಲು ಒಡೆಯುತ್ತದೆ. ಅಷ್ಟೇ, ಇದರಲ್ಲಿ ಹೆಚ್ಚಿಗೆ ಹೇಳುವಂಥದ್ದೇನೂ ಇಲ್ಲ. ಎದೆಹಾಲು ಮಾತ್ರ ಒಡೆಯುವುದಿಲ್ಲ. ಅದು ಯಾಕೆ ಎಂದು ಯಾರೂ ಕೇಳಲಿಲ್ಲ, ಕೇಳಿದರೆ ಅದೂ ಒಡೆದೀತು ಎಂಬ ಭಯ. ಗಂಡಸರ ಕೋಪಕ್ಕೆ ಹಾಲು ಜಗ್ಗುವುದಿಲ್ಲ. ಅವರ ಕೋಪಕ್ಕೆ ಬೇರೆ ಏರ್ಪಾಡುಗಳಿದ್ದವು. ಬೆಟ್ಟದವರ ಸೈನ್ಯ ಒಂದು, ಹೊಳೆಯವರ ಸೈನ್ಯ ಇನ್ನೊಂದು, ನಡುವೆ ನಮ್ಮ ಊರು. ಹನ್ನೊಂದು ವರ್ಷ ಅವರು ಬಡಿದಾಡಿದರು. ನಮ್ಮ ಶಾಲೆ ಏಳು ಸಲ ಕೈ ಬದಲಾಯಿಸಿತು. ಪ್ರತಿ ಸಲವೂ ಗೆದ್ದವರು ತಮ್ಮ ಬಣ್ಣ ಬಳಿದರು. ಏಳು ಪದರ ಬಣ್ಣ ಬಿದ್ದಿರುವುದರಿಂದಲೋ ಏನೋ ಊರಿನಲ್ಲಿ ನೆಟ್ಟಗೆ ನಿಂತಿರುವ ಗೋಡೆ ಅದೊಂದೇ. ಕೊನೆಗೆ ಎರಡೂ ಕಡೆಯವರು ಕೈಕುಲುಕಿ ಕದನ ನಿಲ್ಲಿಸಿದರು. ಯಾರು ಗೆದ್ದರೆಂದು ನಮಗೆ ಹೇಳಲಿಲ್ಲ. ರಸ್ತೆಗೆ ಅಡ್ಡ ಹಾಕಿದ್ದ ಮುಳ್ಳುತಂತಿಯನ್ನು ಮಾತ್ರ ತೆಗೆಯಲಿಲ್ಲ.

ಹಾಲು ಮೊದಲು ಒಡೆದದ್ದು ಕದನದ ನಡುವೆ, ಒಂದು ಬುಧವಾರ ಬೆಳಿಗ್ಗೆ. ಹಿಂದಿನ ದಿನ ಸಂತೆ. ಹಿಟ್ಟಿನ ಗಿರಣಿಯ ಮುಂದೆ ಸಾಲು ನಿಂತಿದ್ದ ಎಂಬತ್ತನಾಲ್ಕು ಜನ ಗಂಡಸರನ್ನು, ಹೆಸರು ಸರಿನೋಡಿ ಕಳಿಸುತ್ತೇವೆ ಎಂದು ಹೇಳಿ, ಮೂರು ಲಾರಿಗಳಲ್ಲಿ ತುಂಬಿಕೊಂಡು ಹೋದರು. ಹೊಳೆಯವರು ಒಯ್ದರು ಎಂದು ಬೆಟ್ಟದವರು ಹೇಳಿದರು, ಬೆಟ್ಟದವರು ಎಂದು ಹೊಳೆಯವರು. ಎರಡೂ ಸೈನ್ಯಕ್ಕೆ ಬಟ್ಟೆ ಹೊಲಿಯುತ್ತಿದ್ದ ದರ್ಜಿ ಒಬ್ಬನೇ ಆದ್ದರಿಂದ ನೋಡಿದವರಿಗೂ ತಿಳಿಯಲಿಲ್ಲ. ಮರುದಿನ ಊರಿನ ಅಷ್ಟೂ ಒಲೆಗಳ ಮೇಲೆ ಹಾಲು ಒಡೆಯಿತು. ಜನ ಮೊದಲು ಹಸುಗಳನ್ನು ಬೈದರು, ಆಮೇಲೆ ಪಾತ್ರೆಗಳನ್ನು, ಆಮೇಲೆ ಹೆಂಗಸರನ್ನು. ಅಲ್ಲಿಗೆ ಬೈಗುಳಕ್ಕೆ ಒಂದು ನೆಲೆ ಸಿಕ್ಕಿದಂತಾಯಿತು.

ಆಮೇಲೆ ಎಲ್ಲರೂ ಹೊಂದಿಕೊಂಡರು. ಒಡೆದ ಹಾಲಿಗೆ ಬೆಲ್ಲ ಹಾಕಿ ಒಂದು ಸಿಹಿ, ಮೆಣಸು ಹಾಕಿ ಒಂದು ಪಲ್ಯ, ಎರಡೂ ಈಗ ಊರಿನ ಹಬ್ಬದ ಅಡುಗೆ. ಹೆಣ್ಣು ನೋಡಲು ಬಂದವರು ಜಾತಕದ ಬದಲು ಒಂದು ಲೋಟ ಹಾಲು ತಂದು ಹುಡುಗಿಯ ಮುಂದಿಡುತ್ತಾರೆ. ಬೇಡದ ನೆಂಟರು ಬಂದರೆ ಹೆಂಗಸರು ಅವರು ತಂದ ಹಾಲಿನ ತಂಬಿಗೆಯ ಪಕ್ಕದಲ್ಲಿ ಹೋಗಿ ಕೂರುತ್ತಾರೆ. ಗಂಡಸರು ಗೆರೆಯಾಚೆಯಿಂದ ಜೇಬಿನಲ್ಲಿ ಸಣ್ಣ ಸೀಸೆ ಹಾಲು ತಂದು, "ನಂಗೇನೂ ಕೋಪ ಇಲ್ಲ ಅಂದ್ಯಲ್ಲ, ಇಲ್ನೋಡು" ಎಂದು ಹೆಂಡತಿಯ ಮೂಗಿನ ಮುಂದೆ ಹಿಡಿಯುತ್ತಾರೆ. ಹಿಡಿದದ್ದಕ್ಕೇ ಅದು ಒಡೆಯುತ್ತದೆ ಎಂಬುದು ಇನ್ನೂ ಯಾರಿಗೂ ಹೊಳೆದಿಲ್ಲ.

ನನ್ನ ಹತ್ತಿರ ಹಾಲು ಒಡೆಯುವುದಿಲ್ಲ.

ಇದನ್ನು ಹೆಮ್ಮೆಯಿಂದ ಹೇಳಬೇಕೋ ನಾಚಿಕೆಯಿಂದ ಹೇಳಬೇಕೋ ಇವತ್ತಿಗೂ ನನಗೆ ತಿಳಿದಿಲ್ಲ. ಲಾರಿ ಹತ್ತಿದ ಎಂಬತ್ತನಾಲ್ಕು ಜನರಲ್ಲಿ ನನ್ನ ಅಣ್ಣ ತಿಪ್ಪೇಶನೂ ಒಬ್ಬ. ಅವನ ಹೆಂಡತಿ ಹೊನ್ನಾವತಿ ಅತ್ತಿಗೆ ಅಂಗಳದಲ್ಲಿದ್ದರೆ ಪಕ್ಕದ ಮನೆಯ ಹಾಲೂ ಉಳಿಯುವುದಿಲ್ಲ. ಅವ್ವ ಹಾಸಿಗೆಯಲ್ಲಿ ಮಲಗಿದ್ದಲ್ಲಿಂದಲೇ ಒಡೆಯುತ್ತಾಳೆ. ನಾನು ಮಾತ್ರ ತುಂಬಿದ ಪಾತ್ರೆಯ ಪಕ್ಕ ಕೂತರೂ ಹಾಲು ಬೆಳ್ಳಗೆ, ಸುಮ್ಮನೆ ಇರುತ್ತದೆ. ಊರಿನಲ್ಲಿ ಇಂಥವಳು ನಾನೊಬ್ಬಳೇ. ಗಂಡಸರು ನನ್ನನ್ನು ಮಾದರಿ ಎಂದು ತೋರಿಸುತ್ತಾರೆ. ಹೆಂಗಸರು ನಾನು ಬಂದರೆ ಮಾತು ನಿಲ್ಲಿಸುತ್ತಾರೆ.

ಏಳು ಪದರ ಬಣ್ಣದ ಆ ಶಾಲೆಯಲ್ಲಿ ಸಂಜೆ ತರಗತಿ ನಡೆಯುತ್ತಿತ್ತು. ಹಗಲು ಆಸ್ಪತ್ರೆಯ ನೆಲ ಒರೆಸಿ, ಸಂಜೆ ಅಲ್ಲಿ ಹೋಗಿ ಕೂತು, ನಾನು ಹತ್ತನೇ ತರಗತಿ ಮುಗಿಸಿದೆ, ಆಮೇಲೆ ಆರು ತಿಂಗಳ ಮನಸ್ಸಿನ ಆರೋಗ್ಯ ಸಹಾಯಕಿ ತರಬೇತಿ ಮುಗಿಸಿದೆ. ಪ್ರಮಾಣಪತ್ರ ಬಂದ ದಿನ ಅದನ್ನು ಮೂರು ಸಲ ಓದಿದೆ, ಇನ್ಯಾರಿಗೋ ಬರಬೇಕಾದ್ದು ನನ್ನ ಹೆಸರಿಗೆ ಬಂದಿರಬಹುದು ಎಂದು. ಅಂದಿನಿಂದ ನಾನು ಡಾಕ್ಟರ್ ಶ್ರೀಪತಿಯವರ ಸಹಾಯಕಿ. ಡಾಕ್ಟರ್ ರಾಜಧಾನಿಯವರು. ಹೆಂಗಸರ ಕೋಪ ಇಳಿಸುವ ಯೋಜನೆಯೊಂದನ್ನು ಹೆಗಲಿಗೆ ಹಾಕಿಕೊಂಡು ಬಂದವರು. ಹನ್ನೆರಡು ತರಗತಿ ಮುಗಿದರೆ ಕೋಪ ಮುಗಿಯಬೇಕು ಎಂಬುದು ಯೋಜನೆ. ಹೆಂಗಸರು ವೃತ್ತಾಕಾರವಾಗಿ ಕೂರಬೇಕು. ಒಬ್ಬೊಬ್ಬರ ಮುಂದೆ ಒಂದು ಬಟ್ಟಲು ಹಾಲು. ಕಣ್ಣು ಮುಚ್ಚಿ ಆಕಾಶದಲ್ಲಿ ತೇಲುವ ಮೋಡ ನೆನೆಯಬೇಕು. ಹಾಲು ಎಷ್ಟು ಹೊತ್ತಿಗೆ ಒಡೆಯಿತು ಎಂದು ನಾನು ಗಡಿಯಾರ ನೋಡಿ ಬರೆದುಕೊಳ್ಳಬೇಕು.

ಮೊದಲ ದಿನ ನಾನಿನ್ನೂ ಬಟ್ಟಲು ಇಡುತ್ತಿದ್ದೆ, ಅಷ್ಟರಲ್ಲೇ ಎಲ್ಲವೂ ಒಡೆದವು. ಬರೆದುಕೊಳ್ಳಲು ಏನೂ ಉಳಿಯಲಿಲ್ಲ.

"ಮೋಡ ನೆನಸ್ಕೊಳಿ ತಾಯಂದಿರೇ, ಬಿಳೀ ಮೋಡ" ಅಂದರು ಡಾಕ್ಟರ್.

ದ್ಯಾಮವ್ವ ಒಂದು ಕಣ್ಣು ತೆರೆದಳು. ಅವಳು ಒಂದು ಕಾಲದಲ್ಲಿ ಊರಿಗೆಲ್ಲ ಬೆಣ್ಣೆ ಮಾರುತ್ತಿದ್ದವಳು. ಇಬ್ಬರು ಗಂಡುಮಕ್ಕಳು ಒಂದೇ ಲಾರಿ ಹತ್ತಿದ ಮೇಲೆ ಅವಳ ವ್ಯಾಪಾರವೂ ಹೋಯಿತು. "ಬಿಳೀದು ಅಂದ್ರೆ ನಂಗೆ ನೆಪ್ಪಾಗೋದು ಲಾರಿ ಎಬ್ಬಿಸಿದ ಧೂಳು ಕಣಪ್ಪ. ಅದೇ ನೆನಸ್ಕೊಳ್ಲಾ?"

"ಬೇಡಮ್ಮ. ಧೂಳು ಬೇಡ. ಕುರಿಮರಿ, ಹೂವು ಏನಾದ್ರೂ..."

"ಮರಿ ಬ್ಯಾಡ, ಮಾರಿ ಬೇಕಾದ್ರೆ ನೆನಸ್ಕೊತೀನಿ" ಅಂದಳು ದ್ಯಾಮವ್ವ. ವೃತ್ತ ಪೂರ್ತಿ ನಕ್ಕಿತು. ಡಾಕ್ಟರ್ ಕೂಡ ನಕ್ಕು, ನಗು ಕೂಡ ಒಂದು ಚಿಕಿತ್ಸೆ ಎಂದು ಬರೆದುಕೊಳ್ಳುವಂತೆ ನನಗೆ ಸನ್ನೆ ಮಾಡಿದರು.

ಆಮೇಲೆ ಅರ್ಜಿ. ಕೋಪದ ಮಟ್ಟ ಎಷ್ಟು, ಒಂದರಿಂದ ಐದರೊಳಗೆ ಹೇಳಿ. ದ್ಯಾಮವ್ವ ಕೈಯ ಬೆರಳುಗಳನ್ನೆಲ್ಲ ನೋಡಿಕೊಂಡು, "ಐದ್ರ ಮ್ಯಾಲೆ ಇಲ್ವೇನೇ ನೀಲವ್ವ? ಇನ್ನೊಂದ್ ಕೈ ಐತಲ್ಲ ನಂಗೆ" ಎಂದು ನನ್ನನ್ನು ಕೇಳಿದಳು. ಕೋಪಕ್ಕೆ ಕಾರಣ ಏನು ಎಂಬ ಜಾಗದಲ್ಲಿ ನಾಲ್ಕು ಆಯ್ಕೆಗಳಿದ್ದವು: ಹವಾಮಾನ, ಅತ್ತೆ ಸೊಸೆ ಮನಸ್ತಾಪ, ರಕ್ತಹೀನತೆ, ಇತರೆ. ಲಾರಿಗೆ ಜಾಗ ಇರಲಿಲ್ಲ. ಎಲ್ಲರೂ ಇತರೆಗೆ ಗುರುತು ಹಾಕಿಸಿದರು. ನಮ್ಮ ಊರಿನ ಹೆಂಗಸರಲ್ಲಿ ನೂರಕ್ಕೆ ನೂರು ಮಂದಿ ಇತರೆಯಿಂದ ಬಳಲುತ್ತಿದ್ದಾರೆ ಎಂದು ಡಾಕ್ಟರ್ ರಾಜಧಾನಿಗೆ ವರದಿ ಕಳಿಸಿದರು. ಅಲ್ಲಿಂದ ಇತರೆಗಾಗಿ ಎರಡು ಪೆಟ್ಟಿಗೆ ಕಬ್ಬಿಣದ ಮಾತ್ರೆ ಬಂತು.

ನನ್ನ ಅರ್ಜಿಯನ್ನು ನಾನೇ ತುಂಬಿದೆ. ಕೋಪದ ಮಟ್ಟ, ಸೊನ್ನೆ. ಸೊನ್ನೆಗೆ ಜಾಗವಿಲ್ಲವಲ್ಲ ಎಂದು ಡಾಕ್ಟರನ್ನು ಕೇಳಿದರೆ, "ನಿಮಗೆ ಯಾಕಮ್ಮ ಅರ್ಜಿ? ನೀವು ಗುಣ ಆದವರು" ಅಂದರು. ಯಾವ ಕಾಯಿಲೆಯಿಂದ ಯಾವಾಗ ಗುಣವಾದೆ ಎಂದು ಕೇಳಬೇಕೆನಿಸಿತು. ಅತಿಪ್ರಶ್ನೆಯಾದೀತು ಎಂದು ಬಿಟ್ಟೆ.

ಊರಿನ ಕಚೇರಿಯಲ್ಲಿ ಒಂದು ದಪ್ಪ ಪುಸ್ತಕವಿದೆ. ಬರಬೇಕಾದವರ ಪುಸ್ತಕ ಎಂದು ಅದರ ಹೆಸರು. ಎಂಬತ್ತನಾಲ್ಕು ಜನಕ್ಕೂ ಒಂದೊಂದು ಪುಟ. ಪ್ರತಿ ತಿಂಗಳ ಮೊದಲ ಸೋಮವಾರ ಆ ಮನೆಯ ಹೆಂಗಸು ಹೋಗಿ, ತನ್ನ ಪುಟ ತೆಗೆದು, 'ಇನ್ನೂ ಬಂದಿಲ್ಲ' ಎಂದು ಬರೆದು ಸಹಿ ಮಾಡಬೇಕು. ಒಂದು ತಿಂಗಳು ತಪ್ಪಿದರೆ ಹೆಸರು ಹೊಡೆದುಹಾಕುತ್ತಾರೆ. ಹೆರಿಗೆಯಾದ ಮೂರನೇ ದಿನ ಬಂದು ಬರೆದವರಿದ್ದಾರೆ. ಕಾಲು ಮುರಿದುಕೊಂಡು ಎತ್ತಿನ ಗಾಡಿಯಲ್ಲಿ ಬಂದವರಿದ್ದಾರೆ. ಅತ್ತಿಗೆಗೆ ಬರೆಯಲು ಬರುತ್ತಿರಲಿಲ್ಲ. ಆ ಎರಡು ಪದ ಬರೆಯುವುದನ್ನು ನಾನೇ ಅವಳಿಗೆ ಕಲಿಸಿದೆ. ಮೂರನೆಯ ಪದ ಕಲಿಯಲು ಅವಳು ಒಪ್ಪಲಿಲ್ಲ, ಸಹಿಯ ಜಾಗಕ್ಕೆ ಹೆಬ್ಬೆಟ್ಟು ಒತ್ತುತ್ತಾಳೆ. ನೂರ ಎಂಟು ಸಲ ನಾನು ಅವಳ ಜೊತೆ ಹೋಗಿದ್ದೇನೆ. ನೂರ ಎಂಟು ಸಲವೂ ಆ ಕಚೇರಿಯ ಗುಮಾಸ್ತನ ಮೇಜಿನ ಮೇಲಿದ್ದ ಹಾಲು ಒಡೆದಿದೆ. ಅವನು ಪ್ರತಿ ಸಲವೂ ಇಟ್ಟುಕೊಂಡಿರುತ್ತಾನೆ, ಪ್ರತಿ ಸಲವೂ ಆಶ್ಚರ್ಯಪಡುತ್ತಾನೆ.

ಹೀಗಿರುವಾಗ ಶಾಂತಿ ಪರಿಶೀಲನಾ ಸಮಿತಿ ಬರುತ್ತದೆ ಎಂದು ಸುದ್ದಿ ಬಂತು. ಕದನ ನಿಂತ ಊರುಗಳಿಗೆಲ್ಲ ಹೋಗಿ, ಅವು ಶಾಂತವಾಗಿವೆಯೇ ಎಂದು ನೋಡಿ, ಮುದ್ರೆ ಒತ್ತುವ ಸಮಿತಿ. ಮುದ್ರೆ ಬಿದ್ದರೆ ಮುಳ್ಳುತಂತಿ ತೆಗೆದು ರಸ್ತೆ ಬಿಡುತ್ತಾರೆ, ಬಸ್ಸು ಬರುತ್ತದೆ. ಬೇರೆ ಊರುಗಳಲ್ಲಿ ಹೇಗೆ ನೋಡುತ್ತಾರೋ, ನಮ್ಮ ಊರಿನ ಮಟ್ಟಿಗೆ ನೋಡುವ ಕ್ರಮ ಸುಲಭ: ಊರಿನ ಹೆಂಗಸೊಬ್ಬಳು ಕೈಯಾರೆ ಹಾಲಿನ ಟೀ ಮಾಡಿ ಕೊಡಬೇಕು.

ಆಡಳಿತಾಧಿಕಾರಿ ವಿರೂಪಾಕ್ಷಯ್ಯ ನನ್ನನ್ನು ಕರೆಸಿದರು. ಡಾಕ್ಟರ್ ಶ್ರೀಪತಿ ಅಲ್ಲೇ ಕೂತಿದ್ದರು.

"ನೋಡಮ್ಮ ನೀಲಾಂಬಿಕೆ, ಊರಿನ ಮಾನ ನಿನ್ನ ಕೈಲಿದೆ" ಅಂದರು ಅಧಿಕಾರಿ. "ನಮ್ಮ ಟೀ ಅಂಗಡಿ ಸಿದ್ಧಣ್ಣನಿಗೆ ಸೀರೆ ಉಡಿಸಿ ಮಾಡಿಸೋಣ ಅಂತಲೂ ಯೋಚನೆ ಮಾಡಿದ್ವಿ. ಮೀಸೆ ಬೋಳಿಸೋಕೆ ಅವನು ಒಪ್ಪಲಿಲ್ಲ."

"ನನಗೆ ಟೀ ಅಷ್ಟು ಚೆನ್ನಾಗಿ ಬರಲ್ಲ ಸಾರ್. ಒಂಬತ್ತು ವರ್ಷದಿಂದ ಹಾಲು ಹಾಕಿ ಮಾಡಿಲ್ಲ. ಅಳತೆ ತಪ್ಪಿದರೆ..."

"ಟೀ ಹೇಗಾದ್ರೂ ಇರಲಿ. ಹಾಲು ನೆಟ್ಟಗಿದ್ರೆ ಸಾಕು."

"ನಮ್ಮ ಹನ್ನೆರಡು ತರಗತಿಗಳ ಫಲ ಅಂತ ನಾನು ಹೇಳ್ತೀನಿ" ಅಂದರು ಡಾಕ್ಟರ್. "ನೀವು ಬರೀ ತಲೆ ಆಡಿಸಿ."

ನಾನು ಒಪ್ಪಿದೆ. ಅವ್ವನಿಗೆ ಉಬ್ಬಸ. ಉಸಿರು ಎಳೆದುಕೊಳ್ಳುವಾಗ ಹಳೆಯ ಬಾಗಿಲು ತೆರೆದಂತೆ ಸದ್ದಾಗುತ್ತದೆ. ಔಷಧಿ ವರ್ಷಕ್ಕೆ ಎರಡು ಸಲ ಯಾರದೋ ಬೆನ್ನ ಮೇಲೆ ಬೆಟ್ಟ ಹತ್ತಿ ಬರುತ್ತದೆ, ಅದರಲ್ಲಿ ಅರ್ಧ ದಾರಿಯಲ್ಲೇ ಒಡೆದಿರುತ್ತದೆ. ಬಸ್ಸು ಬಂದರೆ ಅವ್ವ ಉಸಿರಾಡುತ್ತಾಳೆ. ನನಗೆ ಅಷ್ಟೇ ಕಂಡದ್ದು.

ಅತ್ತಿಗೆಗೆ ಹೇಳಿದಾಗ ಅವಳು ರಾಗಿ ಬೀಸುತ್ತಿದ್ದಳು. ಕಲ್ಲು ನಿಲ್ಲಿಸಲಿಲ್ಲ.

"ಮಾಡೇ. ಚೆನ್ನಾಗಿ ಮಾಡು. ಏಲಕ್ಕಿ ಹಾಕು" ಅಂದಳು.

"ಅವ್ವನ ಔಷಧಿಗೆ ಅತ್ತಿಗೆ..."

"ನಾನೇನ್ ಬ್ಯಾಡ ಅಂದ್ನಾ? ನಿನ್ ಕೈಲಿ ಒಡೆಯಲ್ಲ, ನೀನೇ ಮಾಡ್ಬೇಕು. ನಿಮ್ಮಣ್ಣನ್ನ ಲಾರೀಗ್ ಹತ್ತಿಸ್ದಾಗ ನೀನು ಗಿರಣಿ ಮುಂದೇನೇ ಇದ್ದೆ. ಆವತ್ತು ಮನೀಗ್ ಬಂದು ಹಿಟ್ ಜರಡಿ ಹಿಡ್ದೆ. ನಾನ್ ನೋಡಿದೀನಿ. ಒಂದ್ ಹನಿ ಕಣ್ಣೀರಿಲ್ಲ." ಬೀಸುಕಲ್ಲು ಎರಡು ಸುತ್ತು ತಿರುಗಿತು. "ನಿಂಗೆ ಒಳಗಡೆ ಏನೈತೆ ನೀಲಾ? ನಿಜ ಹೇಳು, ನಾನು ಬಯ್ಯಲ್ಲ."

ನಾನು ಒಳಗೆ ನೋಡಿಕೊಂಡೆ. ತರಬೇತಿಯಲ್ಲಿ ಹಾಗೆ ನೋಡಿಕೊಳ್ಳುವುದನ್ನು ಕಲಿಸಿದ್ದರು. ಗುಡಿಸಿ ಸಾರಿಸಿ, ಸಾಮಾನೆಲ್ಲ ಹೊರಗೆ ಹಾಕಿದ ಕೋಣೆಯ ಹಾಗೆ ಕಂಡಿತು. ಅದನ್ನು ಹೇಳಿದರೆ ಅವಳಿಗೆ ಇನ್ನೂ ಕೋಪ ಬರುತ್ತದೆ ಎಂದು ಹೇಳಲಿಲ್ಲ. ಅವತ್ತು ಹಿಟ್ಟು ಜರಡಿ ಹಿಡಿದದ್ದು ನಿಜ. ಅದರಲ್ಲಿ ಹುಳ ಇತ್ತು.

ಸಮಿತಿ ಬರುವ ದಿನ ಊರಿನ ಹೆಂಗಸರನ್ನೆಲ್ಲ ಗಿರಣಿ ಬಯಲಿಗೆ ಕಳಿಸಿದರು. ಉಚಿತ ಕಣ್ಣಿನ ಪರೀಕ್ಷೆ ಎಂದು ಡಂಗುರ ಹೊಡೆಸಿದ್ದರು. ಕಣ್ಣಿನ ಡಾಕ್ಟರ್ ಯಾರೂ ಬಂದಿರಲಿಲ್ಲ; ಪಶುವೈದ್ಯರು ಒಂದು ಟಾರ್ಚು ಹಿಡಿದು ನಿಂತಿದ್ದರು. ಅವ್ವ ನಡೆಯಲಾರಳು, ಅವಳನ್ನು ಬಿಟ್ಟರು. ಅತ್ತಿಗೆ "ನನ್ನ ಕಣ್ಣು ಚೆನ್ನಾಗೇ ಕಾಣ್ತಾವೆ, ಬೇಕಾದ್ರೆ ನಿಮ್ಮ ಸಾಹೇಬರಿಗೆ ಮಾಡ್ಸಿ" ಎಂದು ಡಂಗುರದವನಿಗೆ ಹೇಳಿ ಮನೆಯಲ್ಲೇ ಉಳಿದಳು. ನಮ್ಮ ಮನೆ ಸಮಿತಿ ಇಳಿಯಲಿದ್ದ ಅತಿಥಿಗೃಹದಿಂದ ದೂರ ಆದ್ದರಿಂದ ಅವಳನ್ನೂ ಬಿಟ್ಟರು.

ಅವರು ಹೇಳಿದ್ದಕ್ಕಿಂತ ಒಂದು ಗಂಟೆ ಮುಂಚೆಯೇ ನಾನು ಅತಿಥಿಗೃಹಕ್ಕೆ ಹೋಗಿದ್ದೆ. ಕಚೇರಿಯ ಟೈಪ್‌ರೈಟರ್ ಕೆಟ್ಟಿತ್ತು. "ನಿನ್ನ ಅಕ್ಷರ ದುಂಡಗಿದೆ, ಇದನ್ನೊಂದು ಒಳ್ಳೇ ಹಾಳೆಗೆ ಇಳಿಸಿಬಿಡು" ಎಂದು ಅಧಿಕಾರಿ ಒಂದು ಕರಡು ಕೊಟ್ಟರು. ಸಮಿತಿ ಸಹಿ ಹಾಕಬೇಕಾದ ಪ್ರಮಾಣಪತ್ರ. ಮೊದಲ ಮೂರು ಅಂಶಗಳು ರಸ್ತೆ, ಬಸ್ಸು, ಅಂಚೆ. ನಾಲ್ಕನೆಯದು ಹೀಗಿತ್ತು: 'ಶಾಂತವೆಂದು ಘೋಷಿತವಾದ ಊರಿನಲ್ಲಿ ಬರಬೇಕಾದವರು ಎಂಬ ವರ್ಗ ಇರತಕ್ಕದ್ದಲ್ಲ. ಸದರಿ ಎಂಬತ್ತನಾಲ್ಕು ಜನರು ಸ್ವಂತ ಇಚ್ಛೆಯಿಂದ ಊರು ಬಿಟ್ಟವರೆಂದು ಭಾವಿಸಿ ಪುಸ್ತಕವನ್ನು ಮುಕ್ತಾಯ ಮಾಡಲಾಗಿದೆ.'

ನಾನು ಅದನ್ನು ಎರಡು ಸಲ ಓದಿದೆ. ನನ್ನದೇ ತಪ್ಪು ತಿಳುವಳಿಕೆ ಇರಬಹುದು ಎಂದು ಇನ್ನೊಂದು ಸಲ ಓದಿದೆ.

"ಸಾರ್, ನಾಲ್ಕನೇದು..."

"ಏನು?"

"ಸ್ವಂತ ಇಚ್ಛೆಯಿಂದ ಅಂತ ಇದೆ. ಅವರು ಹಿಟ್ಟು ಬೀಸಿಸೋಕೆ ಹೋಗಿದ್ದು ಸಾರ್. ನಾನು ಅಲ್ಲೇ ಇದ್ದೆ."

"ಅದು ನಮೂನೆ ಅಮ್ಮ. ಎಲ್ಲಾ ಊರಿಗೂ ಅದೇ ನಮೂನೆ." ಅಧಿಕಾರಿ ಕನ್ನಡಿ ನೋಡಿಕೊಂಡು ಬೂದು ಕೋಟಿನ ಗುಂಡಿ ಹಾಕುತ್ತಿದ್ದರು. "ಶಾಂತಿ ಇರೋ ಊರಲ್ಲಿ ಜನ ಕಾಣೆಯಾಗಿದ್ದಾರೆ ಅಂದ್ರೆ ಓದಿದವರು ನಗಲ್ವಾ? ಒಂದಿದ್ರೆ ಇನ್ನೊಂದಿರಬಾರದು. ನಿನಗೆ ಬಸ್ಸು ಬೇಕೋ ಬೇಡವೋ?"

"ಬೇಕು ಸಾರ್."

"ಮತ್ತೆ? ಬರಿ."

ಬರೆದೆ. ಒಂದು ಚುಕ್ಕೆ ಶಾಯಿ ಚೆಲ್ಲದ ಹಾಗೆ, ಸಾಲು ಓರೆಯಾಗದ ಹಾಗೆ, ನನ್ನ ಅಣ್ಣ ಸ್ವಂತ ಇಚ್ಛೆಯಿಂದ ಹೋದ ಎಂದು ದುಂಡಗೆ ಬರೆದು ಕೊಟ್ಟೆ. ಅಧಿಕಾರಿ ಹಾಳೆಯನ್ನು ಬೆಳಕಿಗೆ ಹಿಡಿದು ಭೇಷ್ ಅಂದರು. ಹೊಗಳಿಕೆಗೆ ಒಳಗೊಳಗೆ ಖುಷಿಯಾಯಿತು ಎಂಬುದನ್ನೂ ಹೇಳಿಬಿಡುತ್ತೇನೆ.

ಅಡುಗೆಮನೆಯಲ್ಲಿ ಎರಡು ಪಾತ್ರೆ ಹಾಲಿತ್ತು. ದೊಡ್ಡದು ಸಮಿತಿಗೆ, ಒಂದು ಸಣ್ಣದು ಅವರು ಇನ್ನೊಂದು ಸಲ ಕೇಳಿದರೆ ಎಂದು ಮುಚ್ಚಿಟ್ಟದ್ದು. ದೊಡ್ಡದನ್ನು ಒಲೆಗಿಟ್ಟೆ. ಹೊರಗೆ ಜೀಪು ನಿಂತ ಸದ್ದು, ಹಾರ, ನಮಸ್ಕಾರ. ಈ ಹಾಲು ಒಡೆದರೆ ಮುದ್ರೆ ಇಲ್ಲ, ಪುಸ್ತಕ ಉಳಿಯುತ್ತದೆ. ಒಡೆಯದಿದ್ದರೆ ಬಸ್ಸು ಬರುತ್ತದೆ, ಅವ್ವ ಉಸಿರಾಡುತ್ತಾಳೆ, ಸೋಮವಾರ ಅತ್ತಿಗೆ ಹೋಗಿ ಸಹಿ ಮಾಡಲು ಪುಟ ಇರುವುದಿಲ್ಲ. ನಾನು ಪಾತ್ರೆಯ ಮುಂದೆ ನಿಂತು, ನನಗೆ ಈಗ ಕೋಪ ಬರಬೇಕು ಎಂದು ಹೇಳಿಕೊಂಡೆ.

ಕೋಪ ಬರಿಸಿಕೊಳ್ಳುವುದು ಹೇಗೆ ಎಂದು ನಮಗೆ ಯಾರೂ ಕಲಿಸಿರಲಿಲ್ಲ. ತರಬೇತಿ ಪೂರ್ತಿ ಇಳಿಸುವುದರ ಮೇಲೆಯೇ ಇತ್ತು. ಹಾಗಾಗಿ ಅದನ್ನೇ ಹಿಂದುಮುಂದು ಮಾಡಿದೆ. ಕಣ್ಣು ಮುಚ್ಚಿ ಧೂಳು ನೆನೆದೆ. ಲಾರಿಯ ಹಿಂಬದಿಯ ಹಲಗೆ ನೆನೆದೆ. ಹಲಗೆ ಹಿಡಿದ ಅಣ್ಣನ ಕೈಗೆ ಅಂಟಿದ್ದ ಹಿಟ್ಟು ನೆನೆದೆ. ಅವನು ನನ್ನ ಕಡೆ ತಿರುಗಿ, ಚೀಲ ಮರೀಬೇಡ್ವೇ ಎಂದು ಕೂಗಿದ್ದನ್ನು ನೆನೆದೆ. ಕಣ್ಣು ಬಿಟ್ಟು ನೋಡಿದೆ. ಹಾಲು ಬೆಳ್ಳಗೆ ಉಕ್ಕಲು ಸಿದ್ಧವಾಗಿತ್ತು. ತೊಡೆ ಚಿವುಟಿಕೊಂಡೆ. ಅಧಿಕಾರಿಯ ಕೋಟಿನ ಗುಂಡಿ, ನಮೂನೆ, ಇತರೆ, ಕಬ್ಬಿಣದ ಮಾತ್ರೆ, ಎಲ್ಲವನ್ನೂ ನೆನೆದೆ. "ಒಡಿ" ಎಂದು ಪಾತ್ರೆಗೆ ಹೇಳಿದೆ. "ಒಡಿಯೋ, ಒಡಿ" ಎಂದು ಬೇಡಿಕೊಂಡೆ. ಅದರ ಮೇಲೆ ಕೆನೆ ಕಟ್ಟಿತು. ಇಷ್ಟು ಒಳ್ಳೆಯ ಕೆನೆ ನಾನು ಒಂಬತ್ತು ವರ್ಷದಲ್ಲಿ ಕಂಡಿರಲಿಲ್ಲ.

ಆಗ ನನಗೆ ಭಯವಾಯಿತು. ಹಾಲಿನ ಬಗ್ಗೆ ಅಲ್ಲ, ನನ್ನ ಬಗ್ಗೆ. ಕೋಪದಿಂದ ಬಳಲುವವರಿಗೆ ಹನ್ನೆರಡು ತರಗತಿ ಇಟ್ಟಿದ್ದೆವಲ್ಲ; ಇಷ್ಟೆಲ್ಲ ಆಗಿಯೂ ಕೋಪ ಬಾರದವಳನ್ನು ಗುಣವಾದವಳೆಂದು ಬಿಟ್ಟಿದ್ದೆವು. ಊರಿಗೆಲ್ಲ ರೋಗಿ ನಾನೊಬ್ಬಳೇ ಇರಬಹುದು ಎಂದು ಅನ್ನಿಸಿತು. ಆದರೆ ಅದನ್ನು ಯೋಚಿಸುತ್ತ ಕೂರಲು ಸಮಯವಿರಲಿಲ್ಲ, ಹೊರಗಿನಿಂದ ಡಾಕ್ಟರ್ "ನೀಲಾಂಬಿಕೆಯವರೇ, ಟೀ" ಎಂದು ಹಾಡಿನ ದನಿಯಲ್ಲಿ ಕರೆದರು.

ಅತಿಥಿಗಳು ಊಟದ ಮೇಲೆ ಕೈ ತೊಳೆಯುವ ಬಿಸಿನೀರಿಗೆ ಹಾಕಲೆಂದು ಕಿಟಕಿಯ ಮೇಲೆ ಆರು ನಿಂಬೆಹಣ್ಣು ಇಟ್ಟಿದ್ದರು.

ಒಂದು ಹೋಳು ಸಾಕೋ ಎರಡು ಬೇಕೋ ತಿಳಿಯಲಿಲ್ಲ. ಕಡಿಮೆಯಾದರೆ ಕಷ್ಟ ಎಂದು ನಾಲ್ಕು ಹಣ್ಣು ಹಿಂಡಿದೆ. ಹಾಲು ಬಿರಿದು, ಗಡ್ಡೆಗಟ್ಟಿ, ಹಸಿರು ನೀರು ಬಿಟ್ಟಿತು. ಬೀಜ ಉಳಿದರೆ ಸಿಕ್ಕಿಬೀಳುತ್ತೇನೆಂದು ಚಮಚದಲ್ಲಿ ಒಂದೊಂದಾಗಿ ಹುಡುಕಿ ತೆಗೆದೆ. ಸಿಪ್ಪೆಗಳನ್ನು ಒಲೆಗೆ ಹಾಕಿದೆ. ಆಮೇಲೆ ಅದಕ್ಕೇ ಟೀ ಪುಡಿ, ಸಕ್ಕರೆ, ಅತ್ತಿಗೆ ಹೇಳಿದಂತೆ ಏಲಕ್ಕಿ ಹಾಕಿ, ಕುದಿಸಿ, ಕಪ್ಪುಗಳಿಗೆ ಬಗ್ಗಿಸಿ, ತಟ್ಟೆ ಹಿಡಿದು ಹೋದೆ.

ಸಮಿತಿಯಲ್ಲಿ ಮೂವರು. ನಡುವೆ ಕೂತವರು ಅಧ್ಯಕ್ಷರು, ವಯಸ್ಸಾದವರು. ಎಡಕ್ಕೆ ಯಾರೊಂದಿಗೂ ಮಾತಾಡದ ಒಬ್ಬರು. ಬಲಕ್ಕೆ ನರೆಗೂದಲಿನ ಒಬ್ಬ ಹೆಂಗಸು, ತೊಡೆಯ ಮೇಲೆ ಟಿಪ್ಪಣಿ ಪುಸ್ತಕ ಬಿಚ್ಚಿಕೊಂಡು. ಅಧ್ಯಕ್ಷರು ಕಪ್ಪಿನೊಳಗೆ ಬಗ್ಗಿ ನೋಡಿದರು. ಟೀಯಲ್ಲಿ ಗಡ್ಡೆಗಳು ತೇಲುತ್ತಿದ್ದವು.

"ಇದೇನಮ್ಮ ಇದು?"

"ಕೋಪ ಸಾರ್" ಅಂದೆ.

ನನ್ನ ಜೀವನದಲ್ಲಿ ನಾನು ಹೇಳಿದ ದೊಡ್ಡ ಸುಳ್ಳು ಅದು. ತಟ್ಟೆ ನಡುಗುತ್ತಿತ್ತು. ನೋಡಿದವರಿಗೆ ಅದು ಸಿಟ್ಟಿನ ನಡುಕದ ಹಾಗೆ ಕಂಡಿರಬೇಕು. ಡಾಕ್ಟರ್ ಶ್ರೀಪತಿ ಕುರ್ಚಿಯಿಂದ ಅರ್ಧ ಎದ್ದರು. ಅಧಿಕಾರಿಯ ಮುಖ ಅವರ ಕೋಟಿನ ಬಣ್ಣಕ್ಕೆ ಬಂತು. ಆ ಹೆಂಗಸು ಮಾತ್ರ ಕಪ್ಪು ಎತ್ತಿ ಒಂದು ಗುಟುಕು ಕುಡಿದರು. ನಾಲಿಗೆಯ ಮೇಲೆ ಸ್ವಲ್ಪ ಹೊತ್ತು ಇಟ್ಟುಕೊಂಡರು. ನುಂಗಿ, ನನ್ನ ಬೆರಳುಗಳನ್ನು ನೋಡಿದರು, ಆಮೇಲೆ ನನ್ನ ಮುಖವನ್ನು. ಅವರಿಗೆ ತಿಳಿಯಿತು ಎಂದು ನನಗೆ ತಿಳಿಯಿತು.

"ತುಂಬಾ ಹುಳಿಯಾಗಿದೆ" ಅಂದರು ಅವರು. "ಬಹಳ ದಿನದ್ದು ಇರಬೇಕು." ಕಪ್ಪು ಕೆಳಗಿಟ್ಟು ಪುಸ್ತಕದಲ್ಲಿ ಒಂದೇ ಪದ ಬರೆದು ಅಧ್ಯಕ್ಷರಿಗೆ ತೋರಿಸಿದರು. ತೀವ್ರ.

ಜೀಪು ಹೊರಟ ಮೇಲೆ ಅಧಿಕಾರಿ ನನ್ನ ಮೇಲೆ ಹಾರಾಡಿದರು. "ನಿನಗೇನ್ ಬಂತಮ್ಮ ಕೋಪ? ನಿನಗ್ಯಾವ ಕೋಪ? ಒಂಬತ್ತು ವರ್ಷ ಸುಮ್ಮನಿದ್ದವಳಿಗೆ ಇವತ್ತೇ ಬರಬೇಕಾಗಿತ್ತಾ?" ಎಂದು ಮೇಜು ಗುದ್ದಿದರು, ಕುರ್ಚಿ ಒದ್ದರು, ನಾನು ದುಂಡಗೆ ಬರೆದ ಹಾಳೆಯನ್ನು ನಾಲ್ಕು ಚೂರು ಮಾಡಿದರು. ಒಳಗೆ ಸಣ್ಣ ಪಾತ್ರೆಯ ಹಾಲಿಗೆ ಏನೂ ಆಗಲಿಲ್ಲ. ಡಾಕ್ಟರ್ ಬೇಜಾರಾದಂತೆ ಕಾಣಲಿಲ್ಲ. ತೀವ್ರ ಎಂದು ಬರೆದಿರುವುದರಿಂದ ಇನ್ನೂ ಇಪ್ಪತ್ತನಾಲ್ಕು ತರಗತಿ ಮಂಜೂರಾಗುತ್ತದಂತೆ. "ನೀವೂ ಕೂತ್ಕೋಬೇಕು ಇನ್ಮೇಲೆ, ವೃತ್ತದಲ್ಲಿ" ಅಂದರು ನನಗೆ. ಆಗಲಿ ಸಾರ್ ಅಂದೆ.

"ಆ ದರಿದ್ರ ಹಾಲು ತಗೊಂಡು ಹೋಗು ಇಲ್ಲಿಂದ" ಎಂದು ಅಧಿಕಾರಿ ಕೂಗಿದರು.

ಬೀದಿಗಳಲ್ಲಿ ಹೆಂಗಸರಿರಲಿಲ್ಲ, ಎಲ್ಲರೂ ಇನ್ನೂ ಪಶುವೈದ್ಯರ ಟಾರ್ಚಿನ ಮುಂದೆ ಸಾಲು ನಿಂತಿದ್ದರು. ಸಣ್ಣ ಪಾತ್ರೆಯ ಹಾಲು ತುಳುಕದೆ ಮನೆಯವರೆಗೆ ಬಂತು. ಬೇಲಿಯ ಹತ್ತಿರ ನಿಂತೆ. ಬಾಗಿಲಲ್ಲಿ ಅತ್ತಿಗೆ ಕೂತಿದ್ದಳು, ಹದಿನೈದು ಹೆಜ್ಜೆ ದೂರ.

"ಆಯ್ತಾ?" ಎಂದು ಅಲ್ಲಿಂದಲೇ ಕೇಳಿದಳು. "ಹಾಕಿದ್ರಾ ಮುದ್ರೆ?"

"ಇಲ್ಲ. ಹಾಲು ಒಡೀತು."

ಅತ್ತಿಗೆ ಎದ್ದು ನಿಂತಳು. "ಯಾರ್ದು? ದ್ಯಾಮವ್ವ ಏನಾರ ನುಗ್ಗಿದ್ಲಾ?"

"ಇಲ್ಲ. ನಾನೊಬ್ಬಳೇ ಇದ್ದದ್ದು."

ಅವಳು ನನ್ನನ್ನು ನೋಡಿದ ರೀತಿ ನೋಡಿ ನನಗೆ ಸುಳ್ಳು ಮುಂದುವರಿಸಲು ಆಗಲಿಲ್ಲ. ಒಂಬತ್ತು ವರ್ಷದಲ್ಲಿ ಅವಳು ನನ್ನನ್ನು ಹಾಗೆ ನೋಡಿರಲಿಲ್ಲ. ಬೇಲಿಯ ಹೊರಗೆ ನಿಂತೇ ಎಲ್ಲ ಹೇಳಿದೆ. ನಾಲ್ಕನೇ ಅಂಶ, ಪುಸ್ತಕ, ನಾನು ದುಂಡಗೆ ಬರೆದದ್ದು. ಕೋಪ ಬರಲಿಲ್ಲ ಅತ್ತಿಗೆ ಎಂದೆ. ಎಷ್ಟು ಪ್ರಯತ್ನ ಪಟ್ಟರೂ ಬರಲಿಲ್ಲ, ಕ್ಷಮಿಸು. ನಿಂಬೆಹಣ್ಣು ಹಿಂಡಿದೆ.

"ಏನ್ ಹಿಂಡ್ದೆ?"

"ನಿಂಬೆಹಣ್ಣು. ನಾಲ್ಕು. ಬೀಜ ತೆಗೆದೆ."

ಅತ್ತಿಗೆಯ ಹೊಟ್ಟೆಯಿಂದ ಒಂದು ಸದ್ದು ಬಂತು. ಬಾಗಿಲ ಚೌಕಟ್ಟು ಹಿಡಿದು ಬಗ್ಗಿದಳು. ಏನಾಯಿತೋ ಎಂದು ಪಾತ್ರೆ ಹಿಡಿದುಕೊಂಡೇ ಓಡಿದೆ. ಅವಳು ನಗುತ್ತಿದ್ದಳು. "ಬೀಜ ತೆಗದ್ಲಂತೆ ಕಣತ್ತೆ, ಬೀಜ!" ಎಂದು ಒಳಗೆ ಕೂಗಿದಳು. ಒಳಗಿನಿಂದ ಅವ್ವನ ಉಬ್ಬಸದ ನಗು ಕೇಳಿಸಿತು. ನಾನು ಹೊಸಿಲಲ್ಲಿ ನಿಂತು ಪಾತ್ರೆ ನೋಡಿದೆ. ಹತ್ತು ಹೆಜ್ಜೆ ಯಾವಾಗಲೋ ದಾಟಿದ್ದೆ. ಹಾಲು ನೆಟ್ಟಗಿತ್ತು.

ಅತ್ತಿಗೆಯೂ ಅದನ್ನು ನೋಡಿದಳು. "ಅಯ್ಯೋ ಬೇಗ ಒಲೆ ಮ್ಯಾಲಿಡೇ, ನಾನ್ ನಗ್ತಿರೋವಷ್ಟ್ರಲ್ಲಿ! ಹೇಳ್ತಾ ಇರು, ನಿಲ್ಲಿಸ್ಬ್ಯಾಡ. ಸಾಹೇಬ್ರ ಮುಖ ಹೆಂಗಾಯ್ತು?"

ನಾನು ಒಲೆಗೆ ಸೌದೆ ತುರುಕುತ್ತ ಕೋಟಿನ ಬಣ್ಣ ಹೇಳಿದೆ. ಕಪ್ಪಿನೊಳಗೆ ಬಗ್ಗಿ ನೋಡಿದ ಅಧ್ಯಕ್ಷರನ್ನು ಆಡಿ ತೋರಿಸಿದೆ. ನನಗೆ ಆಡಿ ತೋರಿಸಲು ಬರುವುದಿಲ್ಲ, ಅದಕ್ಕೇ ಅವರು ಇನ್ನೂ ನಕ್ಕರು. ಟೀ ಕುದಿಯಿತು. ಮೂರು ಲೋಟಕ್ಕೆ ಬಗ್ಗಿಸಿಯೂ ಪಾತ್ರೆಯಲ್ಲಿ ಒಂದಷ್ಟು ಉಳಿಯಿತು. ಅವ್ವನನ್ನು ಎತ್ತಿ ಗೋಡೆಗೆ ಒರಗಿಸಿ ಲೋಟ ಕೈಗೆ ಕೊಟ್ಟೆ. ಅವಳು ಮೊದಲು ಮೂಸಿದಳು, ಆಮೇಲೆ ಕುಡಿದಳು.

"ಅವ್ವ, ಬಸ್ಸು ಬರಲ್ಲ" ಅಂದೆ. "ನಿನ್ನ ಔಷಧಿ..."

"ಕುಡಿಯೋಕ್ ಬಿಡೇ" ಅಂದಳು ಅವ್ವ.

ಮೂವರೂ ಸದ್ದು ಮಾಡಿಕೊಂಡು ಕುಡಿದೆವು. ಸಕ್ಕರೆ ಸ್ವಲ್ಪ ಕಡಿಮೆಯಾಗಿತ್ತು, ನನ್ನದೇ ತಪ್ಪು. ಹೊರಗೆ ಗಿರಣಿ ಬಯಲಿನಿಂದ ಹೆಂಗಸರು ಮನೆಗಳಿಗೆ ಮರಳುವ ಮಾತು ದೂರದಲ್ಲಿ ಕೇಳುತ್ತಿತ್ತು. ಅವ್ವ ಲೋಟದ ತಳ ನೆಕ್ಕಿ, ಒಲೆಯ ಮೇಲಿನ ಪಾತ್ರೆಯ ಕಡೆ ನೋಡಿದಳು.

"ಐತಲ್ಲ ಇನ್ನೊಂಚೂರು. ಅದನ್ನ ಮುಚ್ಚಿಡ್ರೇ, ತಿಪ್ಪೇಶ ಬಂದ್ರೆ ಕುಡೀತಾನೆ."

ಮುಚ್ಚಳ ಹುಡುಕಿ ನಾನು ಒಲೆಯ ಹತ್ತಿರ ಹೋದೆ. ಪಾತ್ರೆಯೊಳಗೆ ಸಣ್ಣಗೆ ಸುಂಯ್ ಎಂದು ಸದ್ದಾಯಿತು. ನಾನು ಬಗ್ಗಿ ನೋಡಿದೆ. ಗಡ್ಡೆಗಳು ಒಂದೊಂದಾಗಿ ಮೇಲೆ ಬರುತ್ತಿದ್ದವು.

ಅತ್ತಿಗೆ ಅವ್ವನನ್ನು ನೋಡಿದಳು. ಅವ್ವ ಅತ್ತಿಗೆಯನ್ನು ನೋಡಿದಳು. ಆಮೇಲೆ ಇಬ್ಬರೂ ನನ್ನನ್ನು ನೋಡಿದರು.